ಸುದ್ದಿಯನ್ನು ಹೊತ್ತು ತಂದವರು

ಎಲ್ಲರಿಗೂ ನಮಸ್ಕಾರ.

ತಿಂಗಳ ಕೊನೆಯ ಭಾನುವಾರ ಈ ವಾಚನಾಲಯದಲ್ಲಿ ಸೇರಿ, ಆ ತಿಂಗಳು ಓದಿದ್ದು ಕೇಳಿದ್ದು ಮಾತಾಡುವುದು ನಮ್ಮ ರೂಢಿ. ಇವತ್ತು 2025ರ ಕೊನೆಯ ಭಾನುವಾರ. ಹಾಗಾಗಿ ಇಡೀ ವರ್ಷದ ಪುಸ್ತಕ, ಪತ್ರಿಕೆ, ಪ್ರಪಂಚದ ಸುದ್ದಿ ಹೇಳಿ ಎಂದು ಕಾರ್ಯದರ್ಶಿಗಳು ಕೇಳಿದರು. ಇಡೀ ವರ್ಷವನ್ನು ಒಂದು ಗಂಟೆಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಮನಸ್ಸಿನಲ್ಲಿ ಉಳಿದುಬಿಟ್ಟ ಕೆಲವನ್ನು ಮಾತ್ರ ಹೇಳುತ್ತೇನೆ.

ನಿಮ್ಮಲ್ಲಿ ಹಲವರಿಗೆ ಗೊತ್ತು, ನಾನು 27 ವರ್ಷ ಒಂದು ಕನ್ನಡ ಪತ್ರಿಕೆಯ ಡೆಸ್ಕ್‌ನಲ್ಲಿ ಕೂತವನು. ವರದಿಗಾರ ಅಲ್ಲ, ಉಪಸಂಪಾದಕ. ಅದರಲ್ಲಿ ಜಾಸ್ತಿ ವರ್ಷ ವಿದೇಶ ಪುಟ ನೋಡಿಕೊಂಡೆ. ಸಂಜೆ ನಾಲ್ಕಕ್ಕೆ ಹೋಗಿ ಕೂತರೆ ಇಂಗ್ಲಿಷ್‌ನಲ್ಲಿ ಏಜೆನ್ಸಿ ಕಾಪಿ ಬರಲು ಶುರು. ಮೊದಲು ಟೆಲಿಪ್ರಿಂಟರ್‌ನಲ್ಲಿ ಬರುತ್ತಿತ್ತು, ಆಮೇಲೆ ಕಂಪ್ಯೂಟರ್ ಪರದೆಯ ಮೇಲೆ. ಅದರಲ್ಲಿ ಬೇಕಾದ್ದು ಆರಿಸಿ, ಕನ್ನಡಕ್ಕೆ ತಂದು, ತಲೆಬರಹ ಕೊಟ್ಟು, ಪುಟ ಕಟ್ಟಬೇಕು. ಸುದ್ದಿಯ ಕೊನೆಗೆ ಪಿಟಿಐ ಅಂತಲೋ ಎಪಿ ಅಂತಲೋ ಸುದ್ದಿ ಸಂಸ್ಥೆಯ ಹೆಸರು ಇರುತ್ತದೆ. ಕನ್ನಡ ಮಾಡಿದವರ ಹೆಸರು ಎಲ್ಲಿಯೂ ಇರುವುದಿಲ್ಲ. ನನಗೆ ಅದರ ಬಗ್ಗೆ ಬೇಸರವೂ ಇರಲಿಲ್ಲ. ಆದರೆ ಈ ವರ್ಷದ ಸುದ್ದಿಗಳನ್ನು ಮತ್ತೆ ತಿರುವಿ ನೋಡಿದಾಗ ಒಂದೇ ವಿಷಯ ಎಲ್ಲ ಕಡೆ ಕಂಡಿತು. ಒಂದು ಕಥೆ, ಒಂದು ಸಾವು, ಒಂದು ಯುದ್ಧ ನಮ್ಮ ಮನೆ ಬಾಗಿಲಿಗೆ ಬರಬೇಕಾದರೆ ನಡುವೆ ಯಾರೋ ಅದನ್ನು ಹೊತ್ತು ತರಬೇಕು. ಈ ವರ್ಷ ಹಾಗೆ ಹೊತ್ತು ತಂದವರ ವರ್ಷ ಅನ್ನಿಸಿತು. ಅವರಿಗೆ ಸಿಕ್ಕ ಮಾನ, ಅವರು ಮಾಡಿದ ತಪ್ಪು, ಅವರು ಕಳೆದುಕೊಂಡ ಪ್ರಾಣ, ಮೂರೂ ಇದರಲ್ಲಿ ಇವೆ.

ಮೊದಲು ಖುಷಿಯ ಸುದ್ದಿ.

ಮೇ 20ರ ರಾತ್ರಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿಯನ್ನು ಘೋಷಿಸಿದರು. ಇಲ್ಲಿ ಆಗ ನಡುರಾತ್ರಿ ದಾಟಿತ್ತು. ಬೆಳಗ್ಗೆ ಎದ್ದು ಫೋನ್ ನೋಡಿದರೆ ಎಲ್ಲ ಗುಂಪುಗಳಲ್ಲೂ ಅದೇ ಸುದ್ದಿ. ನಮ್ಮ ಹಾಸನದ ಬಾನು ಮುಷ್ತಾಕ್, ನಮ್ಮ ಮಡಿಕೇರಿಯ ದೀಪಾ ಭಾಸ್ತಿ. ‘ಹಾರ್ಟ್ ಲ್ಯಾಂಪ್’, ಅಂದರೆ ‘ಎದೆಯ ಹಣತೆ’. ಕನ್ನಡಕ್ಕೆ ಈ ಪ್ರಶಸ್ತಿ ಬಂದದ್ದು ಇದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೆ ಬಂದದ್ದೂ ಇದೇ ಮೊದಲು. 2022ರಲ್ಲಿ ಹಿಂದಿಯ ಗೀತಾಂಜಲಿ ಶ್ರೀ ಅವರಿಗೆ ಬಂದಾಗ ಅವರ ಅನುವಾದಕಿ ಡೇಸಿ ರಾಕ್‌ವೆಲ್ ಅಮೆರಿಕದವರು. ಹಾಗಾಗಿ ಈ ಪ್ರಶಸ್ತಿ ಪಡೆದ ಮೊದಲ ಭಾರತೀಯ ಅನುವಾದಕಿ ದೀಪಾ ಅವರೇ.

ಆ 12 ಕಥೆಗಳು ಒಂದೇ ಕಾಲದಲ್ಲಿ ಬರೆದವಲ್ಲ. 1990ರಿಂದ 2023ರವರೆಗೆ, ಮೂವತ್ತು ವರ್ಷಕ್ಕೂ ಜಾಸ್ತಿ ಕಾಲದಲ್ಲಿ ಬರೆದವು. ಬಾನು ಅವರು ವಕೀಲರು. ಲಂಕೇಶ್ ಪತ್ರಿಕೆಗೆ ವರದಿ ಮಾಡಿದವರು. ಬಂಡಾಯ ಚಳವಳಿಯಲ್ಲಿ ಬೆಳೆದವರು. ಅವರ ಹತ್ತಿರ ದೂರು ಹೇಳಿಕೊಂಡು ಬಂದ ಹೆಣ್ಣುಮಕ್ಕಳ ಬದುಕೇ ಕಥೆಗಳಲ್ಲಿ ಇದೆ. ‘ಕರಿ ನಾಗರಗಳು’ ಕಥೆ ನಿಮಗೆ ನೆನಪಿರಬಹುದು. ಗಿರೀಶ ಕಾಸರವಳ್ಳಿಯವರು ಅದರಿಂದಲೇ ‘ಹಸೀನಾ’ ಸಿನಿಮಾ ಮಾಡಿದರು. ಅಂದರೆ ಈ ಬರಹ ನಮ್ಮ ನಡುವೆಯೇ ಇತ್ತು. ನಾವು ಓದಿದ್ದೆವು, ಕೆಲವರು ಓದಿರಲಿಲ್ಲ. ಹೊರಗಿನವರು ಓದಿದ್ದು ಮಾತ್ರ ದೀಪಾ ಅವರು ಮೇಜಿನ ಮುಂದೆ ಕೂತು ಒಂದೊಂದೇ ಸಾಲು ದಾಟಿಸಿದ ಮೇಲೆ.

ಅವರ ದಾಟಿಸುವ ರೀತಿ ನನಗೆ ತುಂಬ ಹಿಡಿಸಿತು. ಬಾನು ಅವರ ಕನ್ನಡದೊಳಗೆ ದಖನಿ ಉರ್ದು ಇದೆ, ಅರಬ್ಬಿ ಪದಗಳಿವೆ, ಹಾಸನದ ಆಡುಮಾತು ಇದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇಂಥ ಪದ ಬಂದರೆ ಓರೆ ಅಕ್ಷರ ಹಾಕಿ, ಕೆಳಗೆ ಅಡಿಟಿಪ್ಪಣಿ ಕೊಡುವುದು ವಾಡಿಕೆ. ದೀಪಾ ಎರಡನ್ನೂ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂದು ಪುಸ್ತಕದ ಕೊನೆಗೆ ಒಂದು ಬರಹವನ್ನೇ ಬರೆದರು. ನಾವು ಚಿಕ್ಕಂದಿನಲ್ಲಿ ಇಂಗ್ಲಿಷ್ ಕಥೆ ಓದುವಾಗ ನೋಡದ ಹೂವು, ತಿನ್ನದ ತಿಂಡಿ ಎಷ್ಟು ಬಂದವು? ಯಾರಾದರೂ ನಮಗೆ ಅಡಿಟಿಪ್ಪಣಿ ಕೊಟ್ಟರಾ? ನಾವೇ ಊಹಿಸಿಕೊಂಡು ಓದಿದೆವು. ಈಗ ಅವರು ಊಹಿಸಿಕೊಂಡು ಓದಲಿ. ಈ ನಿಲುವಿಗೆ ಧೈರ್ಯ ಬೇಕು.

ಇನ್ನೊಂದು ಮಾತು, ಹಣದ್ದು. ಈ ಪ್ರಶಸ್ತಿ 50,000 ಪೌಂಡ್. ಅದರಲ್ಲಿ ಲೇಖಕಿಗೆ ಅರ್ಧ, ಅನುವಾದಕಿಗೆ ಅರ್ಧ. ಮುಂಚಿನಿಂದಲೂ ಹೀಗೆ ಇರಲಿಲ್ಲ. 2013ರಲ್ಲಿ ನಮ್ಮ ಅನಂತಮೂರ್ತಿಯವರು ಇದೇ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದ್ದರು. ಆಗ ಎರಡು ವರ್ಷಕ್ಕೊಮ್ಮೆ, ಒಬ್ಬ ಲೇಖಕರ ಒಟ್ಟು ಬರವಣಿಗೆಗೆ ಕೊಡುತ್ತಿದ್ದರು. 2016ರಿಂದ ಅದು ಪ್ರತಿ ವರ್ಷ ಒಂದು ಅನುವಾದಿತ ಪುಸ್ತಕಕ್ಕೆ ಅಂತ ಆಯಿತು, ಹಣವೂ ಸಮಪಾಲು ಆಯಿತು.

ಅದಕ್ಕೂ ಹಿಂದಿನ ವರ್ಷ, 2015ರಲ್ಲಿ, ಆ ಪ್ರಶಸ್ತಿ ಬಂದದ್ದು ಹಂಗೇರಿಯ ಲಾಸ್ಲೊ ಕ್ರಾಸ್ನಹೊರ್ಕೈ ಅವರಿಗೆ. ಹೆಸರು ಎಲ್ಲೋ ಕೇಳಿದಂತಿದೆ ಅಲ್ವಾ? ಈ ಅಕ್ಟೋಬರ್ 9ರಂದು ಸಾಹಿತ್ಯದ ನೊಬೆಲ್ ಘೋಷಣೆಯಾದದ್ದು ಇವರಿಗೇ. 2015ರಲ್ಲಿ ಲೇಖಕರಿಗೆ 60,000 ಪೌಂಡ್ ಬಂತು. ಅನುವಾದಕರಿಗೆ ಅಂತ ಬೇರೆಯಾಗಿ 15,000. ಅದನ್ನು ಜಾರ್ಜ್ ಸಿರ್ಟೆಸ್ ಮತ್ತು ಓಟಿಲಿ ಮುಲ್ಜೆಟ್ ಎಂಬ ಇಬ್ಬರು ಹಂಚಿಕೊಂಡರು. ಇವರ ವಾಕ್ಯಗಳನ್ನು ಅನುವಾದ ಮಾಡುವುದು ಅಂದರೆ ಏನು ಅಂತ ಸ್ವಲ್ಪ ಯೋಚಿಸಿ. ಪುಟಗಟ್ಟಲೆ ಪೂರ್ಣವಿರಾಮ ಇರುವುದಿಲ್ಲ. ಒಂದು ಕಾದಂಬರಿಯಂತೂ ಇಡೀ ಒಂದೇ ವಾಕ್ಯ. ಅವರ ಮೊದಲ ಕಾದಂಬರಿ ‘ಸಟಾಂಟ್ಯಾಂಗೊ’ ಹಂಗೇರಿಯನ್‌ನಲ್ಲಿ ಬಂದದ್ದು 1985ರಲ್ಲಿ. ಇಂಗ್ಲಿಷ್‌ಗೆ ಬಂದದ್ದು 2012ರಲ್ಲಿ. 27 ವರ್ಷ! ನಾನು ಡೆಸ್ಕ್‌ನಲ್ಲಿ ಕಳೆದ ಅಷ್ಟೂ ವರ್ಷ ಆ ಪುಸ್ತಕ ಹಂಗೇರಿ ಭಾಷೆಯ ಒಳಗೇ ಇತ್ತು ಅಂದ ಹಾಗೆ. ಅದನ್ನು ತಂದ ಸಿರ್ಟೆಸ್ ಹುಟ್ಟಿದ್ದು ಬುಡಾಪೆಸ್ಟ್‌ನಲ್ಲಿ. 1956ರ ದಂಗೆಯ ಹೊತ್ತಿಗೆ ಎಂಟು ವರ್ಷದ ಹುಡುಗ, ನಿರಾಶ್ರಿತರಾದ ಅಪ್ಪ ಅಮ್ಮನ ಜೊತೆ ಇಂಗ್ಲೆಂಡಿಗೆ ಬಂದವರು. ದೇಶ ಬಿಟ್ಟು ಬಂದ ಆ ಹುಡುಗ ದೊಡ್ಡವನಾಗಿ ತನ್ನ ಹುಟ್ಟೂರಿನ ಭಾಷೆಯನ್ನು ಹೊಸ ಊರಿಗೆ ತಂದುಕೊಟ್ಟ. ನೊಬೆಲ್‌ನಲ್ಲಿ ಅನುವಾದಕರಿಗೆ ಪಾಲಿಲ್ಲ. ಇರಬೇಕಿತ್ತು ಅನ್ನುವುದು ನನ್ನ ಖಚಿತವಾದ ಅಭಿಪ್ರಾಯ.

ನವೆಂಬರ್‌ನಲ್ಲಿ ಬಂದ ಇನ್ನೊಂದು ಬೂಕರ್, ಇಂಗ್ಲಿಷ್‌ನಲ್ಲೇ ಬರೆದ ಕಾದಂಬರಿಗೆ ಕೊಡುವುದು, ಡೇವಿಡ್ ಸೊಲೊಯ್ ಅವರ ‘ಫ್ಲೆಶ್’ಗೆ ಹೋಯಿತು. ನಮ್ಮವರು ಕಿರಣ್ ದೇಸಾಯಿ ಕೊನೆಯ ಸುತ್ತಿನವರೆಗೆ ಬಂದಿದ್ದರು. ಅದನ್ನು ನಾನಿನ್ನೂ ಓದಿಲ್ಲ, ಹಾಗಾಗಿ ಮುಂದೆ ಹೋಗುತ್ತೇನೆ.

ಕನ್ನಡಕ್ಕೆ ಬೂಕರ್ ಬಂದ ಎಂಟೇ ದಿನಕ್ಕೆ, ಮೇ 28ರಂದು, ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ತೀರಿಕೊಂಡರು. 87 ವರ್ಷ. ನಮ್ಮ ಸಂಭ್ರಮದ ಗದ್ದಲದಲ್ಲಿ ಈ ಸುದ್ದಿ ಸಣ್ಣದಾಗಿ ಹೋಯಿತು. ನನಗೆ ಅದು ನೋವಿನ ವಿಷಯ. ಯಾಕೆಂದರೆ ಆ ಸಂಭ್ರಮವನ್ನು ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲ ಮನುಷ್ಯ ಅವರು. 1977ರಲ್ಲಿ ಲಿಮುರು ಹತ್ತಿರದ ಕಮಿರೀಥು ಎಂಬ ಹಳ್ಳಿಯಲ್ಲಿ ರೈತರು, ಕೂಲಿಯವರ ಜೊತೆ ಸೇರಿ ಅವರದೇ ಗಿಕುಯು ಭಾಷೆಯಲ್ಲಿ ನಾಟಕ ಮಾಡಿಸಿದರು. ಅಷ್ಟು ದಿನ ಇಂಗ್ಲಿಷ್‌ನಲ್ಲಿ ಬರೆದಾಗ ಸರ್ಕಾರ ಸುಮ್ಮನಿತ್ತು. ಹಳ್ಳಿಯವರ ಭಾಷೆಯಲ್ಲಿ ಬರೆದದ್ದೇ ತಡ, ನಾಟಕ ನಿಲ್ಲಿಸಿದರು. ಆ ವರ್ಷದ ಡಿಸೆಂಬರ್ ಕೊನೆಗೆ ಬಂಧಿಸಿ, ವಿಚಾರಣೆಯಿಲ್ಲದೆ ಸುಮಾರು ಒಂದು ವರ್ಷ ಕಮಿಟಿ ಎಂಬ ಊರಿನ ಜೈಲಿನಲ್ಲಿ ಇಟ್ಟರು. ಅಲ್ಲಿ ಕೊಡುತ್ತಿದ್ದ ಟಾಯ್ಲೆಟ್ ಪೇಪರಿನ ಮೇಲೆ ಗಿಕುಯು ಭಾಷೆಯಲ್ಲಿ ಕಾದಂಬರಿ ಬರೆದರು. ಇನ್ನು ಮುಂದೆ ಕಥೆ ಕಾದಂಬರಿ ಬರೆದರೆ ಗಿಕುಯುವಿನಲ್ಲೇ ಅಂತ ತೀರ್ಮಾನ ಮಾಡಿಕೊಂಡರು. ಆಮೇಲೆ ಅದನ್ನು ತಾವೇ ಇಂಗ್ಲಿಷ್‌ಗೆ ತಂದರು. ಮೊದಲು ತನ್ನ ಊರಿನ ಜನಕ್ಕೆ, ಆಮೇಲೆ ಲೋಕಕ್ಕೆ. ಬಾನು ಅವರ ಪುಸ್ತಕ ನಡೆದ ದಾರಿಯೂ ಇದೇ ತಾನೆ?

ಸೆಪ್ಟೆಂಬರ್‌ಗೆ ಬರೋಣ. ಅದು ನಮ್ಮ ಮೈಸೂರಿನ ತಿಂಗಳು. 22ರಂದು ಬಾನು ಮುಷ್ತಾಕ್ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಅದಕ್ಕೆ ಮುಂಚೆ ಎಷ್ಟು ಮಾತು, ಎಷ್ಟು ವಾದ ನಡೆಯಿತು ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ವಿಷಯ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು, ಎರಡೂ ಕಡೆ ಅರ್ಜಿ ವಜಾ ಆಯಿತು. ಅವರು ಬಂದು ದೀಪ ಹಚ್ಚಿ ಮಾತಾಡಿದ ದಿನ ನನಗೆ ಹೆಮ್ಮೆ ಅನ್ನಿಸಿತು. ಅದಾಗಿ ಎರಡು ದಿನಕ್ಕೆ, 24ರಂದು, ಎಸ್.ಎಲ್. ಭೈರಪ್ಪ ಹೋದರು. 94 ವರ್ಷ. ಅವರೂ ಹಾಸನ ಜಿಲ್ಲೆಯವರು, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಬದುಕಿದ್ದು ನಮ್ಮ ಕುವೆಂಪುನಗರದಲ್ಲಿ. ಇವರಿಬ್ಬರ ವಿಚಾರಗಳು ಎಷ್ಟು ದೂರ ದೂರ! ಭೈರಪ್ಪನವರ ಹಲವು ನಿಲುವುಗಳನ್ನು ನಾನು ಒಪ್ಪಿದವನಲ್ಲ. ಆದರೆ ಅವರ ಕಾದಂಬರಿ ಕೈಗೆತ್ತಿಕೊಂಡು ನಡುವೆ ಕೆಳಗಿಟ್ಟ ನೆನಪೂ ನನಗಿಲ್ಲ.

ಅವರ ವಿಷಯದಲ್ಲಿ ನಾನು ಹೇಳಬೇಕೆಂದಿರುವುದು ಪುಣೆಯ ಒಂದು ಮನೆಯ ಬಗ್ಗೆ. ಭೈರಪ್ಪನವರಿಗೆ ಮರಾಠಿಯಲ್ಲಿ ಎಷ್ಟು ದೊಡ್ಡ ಓದುಗ ಬಳಗ ಇದೆ ಅಂದರೆ ಕೆಲವರು ಅವರನ್ನು ಮರಾಠಿ ಲೇಖಕರೆಂದೇ ತಿಳಿದಿದ್ದಾರೆ. ಅದಕ್ಕೆ ಕಾರಣ ಉಮಾ ಕುಲಕರ್ಣಿ. ಅವರಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಲಿಪಿ ಓದುವುದು ಕಷ್ಟ. ಅವರ ಗಂಡ ವಿರೂಪಾಕ್ಷ ಕುಲಕರ್ಣಿ ಕನ್ನಡ ಓದಬಲ್ಲವರು. ಅವರು ಪುಸ್ತಕವನ್ನು ಗಟ್ಟಿಯಾಗಿ ಓದಿ ಟೇಪ್‌ನಲ್ಲಿ ರೆಕಾರ್ಡ್ ಮಾಡಿಡುತ್ತಿದ್ದರು. ಉಮಾ ಅದನ್ನು ಕೇಳುತ್ತಾ ಕೇಳುತ್ತಾ ಮರಾಠಿಯಲ್ಲಿ ಬರೆಯುತ್ತಿದ್ದರು. ಭೈರಪ್ಪನವರ ಒಂದೊಂದು ಕಾದಂಬರಿ ಎಷ್ಟು ದಪ್ಪ ಅಂತ ನಿಮಗೆ ಗೊತ್ತು. ಅಷ್ಟನ್ನೂ ಒಬ್ಬರು ಓದಿ, ಒಬ್ಬರು ಕೇಳಿ! ಎಷ್ಟು ಸಂಜೆಗಳು ಬೇಕಾಗಿರಬೇಕು. ಗಡಿಯ ಜಗಳದಲ್ಲಿ ಬಸ್ಸಿಗೆ ಮಸಿ ಬಳಿದ ಸುದ್ದಿಯನ್ನು ನಾನು ಡೆಸ್ಕ್‌ನಲ್ಲಿ ಎಷ್ಟೋ ಸಲ ಹಾಕಿದ್ದೇನೆ. ಈ ಮನೆಯ ಸುದ್ದಿಯನ್ನು ಒಂದು ಸಲವೂ ಹಾಕಲಿಲ್ಲ.

ಪುಸ್ತಕದ ಬಗ್ಗೆ ಇನ್ನೊಂದು ಸುದ್ದಿ ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕದಲ್ಲಿ ಆಂಥ್ರೊಪಿಕ್ ಎಂಬ ಎಐ ಕಂಪನಿಯ ಮೇಲೆ ಮೂವರು ಲೇಖಕರು ಕೇಸು ಹಾಕಿದ್ದರು. ಕೊಂಡ ಪುಸ್ತಕದಿಂದ ಯಂತ್ರಕ್ಕೆ ಕಲಿಸಿದರೆ ಕಾನೂನಿನ ಪ್ರಕಾರ ತಪ್ಪಲ್ಲ, ಆದರೆ ಕಳ್ಳ ಪ್ರತಿಗಳನ್ನು ಇಳಿಸಿಕೊಂಡು ಕೂಡಿಟ್ಟದ್ದು ಬೇರೆ ಮಾತು ಎಂದು ಜೂನ್‌ನಲ್ಲಿ ನ್ಯಾಯಾಧೀಶರು ಹೇಳಿದರು. ಸೆಪ್ಟೆಂಬರ್‌ನಲ್ಲಿ 150 ಕೋಟಿ ಡಾಲರ್‌ಗೆ ರಾಜಿಯಾಯಿತು. ಸುಮಾರು 5 ಲಕ್ಷ ಪುಸ್ತಕ, ಒಂದಕ್ಕೆ ಸುಮಾರು 3,000 ಡಾಲರ್. ಆದರೆ ಅಮೆರಿಕದಲ್ಲಿ ಕಾಪಿರೈಟ್ ನೋಂದಣಿ ಆದ ಪುಸ್ತಕಗಳಿಗೆ ಮಾತ್ರ. ಗಾಂಧಿನಗರದಲ್ಲೋ ಧಾರವಾಡದಲ್ಲೋ ಅಚ್ಚಾದ ನಮ್ಮ ಕನ್ನಡ ಪುಸ್ತಕವನ್ನು ಯಾರು ಅಲ್ಲಿ ಹೋಗಿ ನೋಂದಾಯಿಸಿರುತ್ತಾರೆ? ಯಂತ್ರ ಈಗ ಕನ್ನಡ ಬರೆಯುತ್ತದೆ. ಅದು ಯಾರ ಕನ್ನಡ ಓದಿ ಕಲಿತಿತು, ಅವರಿಗೆ ಏನು ಸಲ್ಲಬೇಕು ಅನ್ನುವ ಮಾತನ್ನು ನಮ್ಮ ಪ್ರಕಾಶಕರು, ಸಾಹಿತ್ಯ ಪರಿಷತ್ತಿನವರು ಈಗಲೇ ಕೂತು ಆಡಬೇಕು.

ಈಗ ಪತ್ರಿಕೆ, ಟಿವಿ.

ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು. ನಮ್ಮ ಕರ್ನಾಟಕದ ಮನೆಗಳೂ ಅದರಲ್ಲಿ ದೀಪ ಕಳೆದುಕೊಂಡವು. ಮೇ 7ರಂದು ಸೇನೆಯ ಕಾರ್ಯಾಚರಣೆ ಶುರುವಾಯಿತು. 8ರ ರಾತ್ರಿ ನಾನು ಟಿವಿ ಮುಂದೆ ಕೂತಿದ್ದೆ. ಪಕ್ಕದ ಬೀದಿಯ ಒಬ್ಬ ತಾಯಿ ನಮ್ಮ ಮನೆಗೆ ಬಂದಿದ್ದರು. ಅವರ ಮಗ ಜಮ್ಮುವಿನ ಕಡೆ ಸೈನ್ಯದಲ್ಲಿದ್ದ, ಅವನ ಫೋನ್ ಸಿಗುತ್ತಿರಲಿಲ್ಲ. ಒಂದು ಚಾನೆಲ್‌ನಲ್ಲಿ ಕರಾಚಿ ಬಂದರು ಹೊತ್ತಿ ಉರಿಯುತ್ತಿದೆ ಅಂದರು. ಇನ್ನೊಂದರಲ್ಲಿ ನಮ್ಮ ಸೇನೆ ಗಡಿ ದಾಟಿ ನುಗ್ಗಿದೆ ಅಂದರು. ಎಲ್ಲದರಲ್ಲೂ ಸೈರನ್ ಕೂಗುತ್ತಿತ್ತು. ಆ ತಾಯಿ ‘ಅಣ್ಣಾ, ನೀವು ಪೇಪರ್‌ನಲ್ಲಿದ್ದವರು, ಇದು ನಿಜವಾ?’ ಅಂತ ಕೇಳಿದರು. ‘ಬೆಳಗ್ಗೆವರೆಗೂ ಕಾಯಿರಮ್ಮಾ’ ಅಂದೆ. ಬೇರೆ ಏನು ಹೇಳಲಿ? ಬೆಳಗಾದರೆ ಕರಾಚಿ ಬಂದರು ಇದ್ದ ಹಾಗೇ ಇತ್ತು. ಎರಡು ದಿನ ಕಳೆದು, ಟಿವಿ ಕಾರ್ಯಕ್ರಮಗಳಲ್ಲಿ ಸೈರನ್ ಸದ್ದು ಬಳಸಬೇಡಿ ಎಂದು ಸರ್ಕಾರವೇ ಚಾನೆಲ್‌ಗಳಿಗೆ ಹೇಳಬೇಕಾಯಿತು. ನಿಜವಾದ ಸೈರನ್ ಕೂಗಿದಾಗ ಜನ ಟಿವಿ ಅಂದುಕೊಂಡು ಸುಮ್ಮನೆ ಕೂತಾರು ಅನ್ನುವ ಭಯ ಅದಕ್ಕೆ ಕಾರಣ.

ನಮ್ಮ ಡೆಸ್ಕ್‌ನಲ್ಲಿ ಹಳಬರೊಬ್ಬರು ಹೊಸಬರಿಗೆ ಮೊದಲ ದಿನವೇ ಒಂದು ಮಾತು ಹೇಳುತ್ತಿದ್ದರು: ಯಾರು ಹೇಳಿದ್ದು ಅಂತ ಗೊತ್ತಿಲ್ಲದ ಸಾಲನ್ನು ಪುಟಕ್ಕೆ ಬಿಡಬೇಡ. ಆ ರಾತ್ರಿ ‘ಮೂಲಗಳ ಪ್ರಕಾರ’ ಅನ್ನುವ ಎರಡು ಪದದ ಮೇಲೆ ಇಡೀ ದೇಶವನ್ನು ಕೂರಿಸಿದ್ದರು. ಆಮೇಲೆ ಕ್ಷಮೆ ಕೇಳಿದವರು ಎಷ್ಟು ಕಡಿಮೆ!

ಕ್ಷಮೆ ಅಂದಾಗ ಬಿಬಿಸಿ ನೆನಪಾಗುತ್ತದೆ. ಟ್ರಂಪ್ ಅವರು 2021ರ ಜನವರಿ 6ರಂದು ಮಾಡಿದ ಭಾಷಣದ ಎರಡು ತುಣುಕುಗಳನ್ನು ‘ಪನೋರಮಾ’ ಕಾರ್ಯಕ್ರಮದಲ್ಲಿ ಒಂದಕ್ಕೊಂದು ಅಂಟಿಸಿದ್ದರು. ಆ ಎರಡು ಮಾತಿನ ನಡುವೆ 50 ನಿಮಿಷಕ್ಕೂ ಜಾಸ್ತಿ ಅಂತರ ಇತ್ತು. ನೋಡಿದವರಿಗೆ ಒಂದೇ ಉಸಿರಲ್ಲಿ ಹೇಳಿದ ಹಾಗೆ ಕಾಣುತ್ತಿತ್ತು. ಅದು ಹೊರಬಿದ್ದ ಮೇಲೆ ನವೆಂಬರ್ 9ರಂದು ಸಂಸ್ಥೆಯ ಮುಖ್ಯಸ್ಥ ಟಿಮ್ ಡೇವಿ, ಸುದ್ದಿ ವಿಭಾಗದ ಮುಖ್ಯಸ್ಥೆ ಡೆಬೊರಾ ಟರ್ನೆಸ್ ಇಬ್ಬರೂ ರಾಜೀನಾಮೆ ಕೊಟ್ಟರು. ಸಂಸ್ಥೆ ಕ್ಷಮೆ ಕೇಳಿತು. ಟ್ರಂಪ್ ಈ ತಿಂಗಳು ಮೊಕದ್ದಮೆಯನ್ನೂ ಹೂಡಿದ್ದಾರೆ. ಆ ಭಾಷಣದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಆ ಅಂಟು ಹಾಕಿದ್ದು ತಪ್ಪು. ಡೆಸ್ಕ್‌ನಲ್ಲಿ ಕೂತವನಿಗೆ ಕತ್ತರಿ ಕೈಯಲ್ಲಿರುತ್ತದೆ. ಕತ್ತರಿಸುವುದು ಅವನ ಕೆಲಸ. ಕತ್ತರಿಸಿದ ಜಾಗ ಕಾಣದ ಹಾಗೆ ಹೊಲಿಯುವ ಹಕ್ಕು ಅವನಿಗಿಲ್ಲ. ತಪ್ಪಾದಾಗ ಮೇಲಿನವರು ಕುರ್ಚಿ ಬಿಟ್ಟದ್ದನ್ನು ಮಾತ್ರ ನಾನು ಮೆಚ್ಚುತ್ತೇನೆ.

ಒಂದು ವಿಷಯ ನಿಮಗೆ ಗೊತ್ತಿರಲಿ. ಬಿಬಿಸಿ ಹಿಂದಿ, ತಮಿಳು, ಬಂಗಾಳಿ, ಉರ್ದುವಿನಲ್ಲಿ ಎಷ್ಟೋ ವರ್ಷಗಳಿಂದ ಇದೆ. 2017ರಲ್ಲಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಸೇರಿದವು. ಕನ್ನಡ ಇಲ್ಲ. ಲೋಕದ ಸುದ್ದಿ ಕನ್ನಡಕ್ಕೆ ಬರಬೇಕಾದರೆ ಇವತ್ತಿಗೂ ನಮ್ಮ ಪತ್ರಿಕೆಗಳ ಡೆಸ್ಕೇ ಗತಿ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ದಲ್ಲೂ ಊರ ವರ್ತಮಾನದ ಜೊತೆಗೆ ಸರ್ವರಾಜ್ಯ ವರ್ತಮಾನ ಇತ್ತು. ಕನ್ನಡದ ಮೊದಲ ಪತ್ರಿಕೆಗೇ ಬೇರೆ ರಾಜ್ಯಗಳ ಸುದ್ದಿಗೆ ಜಾಗ ಇಡಬೇಕು ಅನ್ನಿಸಿತ್ತು. ಈಗ ನಮ್ಮ ಪತ್ರಿಕೆಗಳಲ್ಲಿ ವಿದೇಶ ಪುಟಕ್ಕೆ ಎಷ್ಟು ಜನ ಉಳಿದಿದ್ದಾರೆ ಅಂತ ಒಳಗಿನ ಗೆಳೆಯರನ್ನು ಕೇಳಿದರೆ ಅವರು ಮಾತು ಬದಲಿಸುತ್ತಾರೆ.

ಅಮೆರಿಕದಲ್ಲೂ ಇದೇ ಕಥೆ, ದೊಡ್ಡ ಪ್ರಮಾಣದಲ್ಲಿ. 1942ರಲ್ಲಿ ಶುರುವಾದ ವಾಯ್ಸ್ ಆಫ್ ಅಮೆರಿಕ ಸುಮಾರು 50 ಭಾಷೆಗಳಲ್ಲಿ ಸುದ್ದಿ ಕೊಡುತ್ತಿತ್ತು. ಮಾರ್ಚ್ 14ರಂದು ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು, ಮಾರನೆಯ ದಿನ ಸುಮಾರು 1,300 ಜನರನ್ನು ರಜೆಯ ಮೇಲೆ ಮನೆಗೆ ಕಳಿಸಿದರು. ಕೋರ್ಟಿನಲ್ಲಿ ಹೋರಾಟ ನಡೆದಿದೆ. ಅದು ಅಮೆರಿಕ ಸರ್ಕಾರದ ದನಿ, ನಿಜ. ಆದರೆ ಸ್ವಂತ ಪತ್ರಿಕೆಯೇ ಇಲ್ಲದ ದೇಶಗಳಲ್ಲಿ ತಮ್ಮ ಭಾಷೆಯಲ್ಲಿ ರೇಡಿಯೊ ಕೇಳುತ್ತಿದ್ದವರಿಗೆ ಒಂದು ದಿನ ಬರೀ ಸದ್ದಿಲ್ಲದ ಅಲೆ ಸಿಕ್ಕಿತಲ್ಲ, ಅದನ್ನು ನೆನೆದರೆ ನನಗೆ ಸಂಕಟ ಆಗುತ್ತದೆ.

ಇನ್ನು ಗಾಜಾ. ಇಲ್ಲಿ ನಾನು ನಿಧಾನವಾಗಿ ಹೇಳುತ್ತೇನೆ.

2023ರ ಅಕ್ಟೋಬರ್‌ನಿಂದ ಹೊರಗಿನ ಪತ್ರಕರ್ತರು ಸ್ವತಂತ್ರವಾಗಿ ಒಳಗೆ ಹೋಗಲು ಇಸ್ರೇಲ್ ಬಿಟ್ಟಿಲ್ಲ. ಹಾಗಾಗಿ ನಾವು ನೋಡಿದ ಪ್ರತಿಯೊಂದು ಫೋಟೊ, ಪ್ರತಿಯೊಂದು ವಿಡಿಯೊ ಅಲ್ಲೇ ಹುಟ್ಟಿ, ಅಲ್ಲೇ ಹಸಿದುಕೊಂಡು, ಅಲ್ಲೇ ಮನೆ ಕಳೆದುಕೊಂಡವರು ತೆಗೆದದ್ದು. ಈ ಯುದ್ಧದಲ್ಲಿ ಸತ್ತ ಪತ್ರಕರ್ತರ ಸಂಖ್ಯೆ 200 ದಾಟಿದೆ. ಆಗಸ್ಟ್ 10ರಂದು ಅಲ್ ಶಿಫಾ ಆಸ್ಪತ್ರೆಯ ಹತ್ತಿರದ ಡೇರೆಯಲ್ಲಿದ್ದ ಅಲ್ ಜಜೀರಾದ ಅನಸ್ ಅಲ್ ಶರೀಫ್ ಮತ್ತು ಅವರ ಸಂಗಡಿಗರನ್ನು ಕೊಂದರು. ಅನಸ್ ಹಮಾಸ್‌ನವರು ಎಂದು ಇಸ್ರೇಲ್ ಹೇಳಿತು, ಅವರ ಸಂಸ್ಥೆ ಅದನ್ನು ಅಲ್ಲಗಳೆಯಿತು. ಆಗಸ್ಟ್ 25ರಂದು ಖಾನ್ ಯೂನಿಸ್‌ನ ನಾಸರ್ ಆಸ್ಪತ್ರೆ. ಅಲ್ಲಿ ರಾಯಿಟರ್ಸ್‌ನ ಕ್ಯಾಮೆರಾದವರು ಹುಸ್ಸಾಮ್ ಅಲ್ ಮಸ್ರಿ ನೇರ ಪ್ರಸಾರ ನಡೆಸುತ್ತಿದ್ದರು. ದಾಳಿಯಾದ ಕ್ಷಣಕ್ಕೆ ಆ ಪ್ರಸಾರ ನಿಂತಿತು. ಜನ ಸಹಾಯಕ್ಕೆ ಓಡಿ ಬಂದರು, ಉಳಿದ ಪತ್ರಕರ್ತರೂ ಬಂದರು. ಅದೇ ಜಾಗಕ್ಕೆ ಮತ್ತೆ ಹೊಡೆದರು. 20ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಐವರು ಪತ್ರಕರ್ತರು. ಎಪಿ ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಮರಿಯಂ ದಗ್ಗಾ ಅವರಲ್ಲಿ ಒಬ್ಬರು. 33 ವರ್ಷ. ಮಗನನ್ನು ಮೊದಲೇ ಹೊರದೇಶಕ್ಕೆ ಕಳಿಸಿ, ತಾನು ಅಲ್ಲೇ ಉಳಿದಿದ್ದರು.

ಸುದ್ದಿಯ ಕೊನೆಗೆ ‘ರಾಯಿಟರ್ಸ್’, ‘ಎಪಿ’ ಅಂತ ಎರಡಕ್ಷರ ಮೂರಕ್ಷರ ಹಾಕಿ ಪುಟ ಕಳಿಸುತ್ತಿದ್ದೆನಲ್ಲ, ಅದರ ಹಿಂದೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕ್ಯಾಮೆರಾ ಹಿಡಿದು ನಿಂತ ಮನುಷ್ಯ ಇದ್ದಾನೆ ಅನ್ನುವುದು ನನಗೆ ಈ ವಯಸ್ಸಿಗೆ ಮೈಗೆ ಹತ್ತಿತು. ಅಕ್ಟೋಬರ್ 10ರಿಂದ ಕದನ ವಿರಾಮ ಅಂತ ಇದೆ.

ಕೊನೆಯದಾಗಿ ಒಂದು ಊರಿನ ಹೆಸರು ಹೇಳುತ್ತೇನೆ. ಅಲ್ ಫಾಶಿರ್. ಸುಡಾನ್ ದೇಶದ ಉತ್ತರ ದಾರ್ಫುರ್ ರಾಜ್ಯದ ರಾಜಧಾನಿ. 2023ರ ಏಪ್ರಿಲ್ 15ರಂದು ಆ ದೇಶದ ಸೈನ್ಯಕ್ಕೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. ಅಲ್ ಫಾಶಿರ್ ಊರನ್ನು ಆರ್‌ಎಸ್‌ಎಫ್ 500 ದಿನಕ್ಕೂ ಜಾಸ್ತಿ ಸುತ್ತುವರಿದಿತ್ತು. ಈ ಅಕ್ಟೋಬರ್ 26ರಂದು ಊರು ಅವರ ವಶವಾಯಿತು. ಅಲ್ಲಿಯ ಒಂದು ಹೆರಿಗೆ ಆಸ್ಪತ್ರೆಯಲ್ಲೇ ರೋಗಿಗಳು, ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಜನರನ್ನು ಕೊಂದರೆಂದು ವರದಿ ಬಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಫೋನ್ ಇಲ್ಲ, ಇಂಟರ್‌ನೆಟ್ ಇಲ್ಲ. ಹೊತ್ತು ತರುವವರೇ ಇಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹದ ಚಿತ್ರ ನೋಡಿ, ನೆಲ ಅಲ್ಲಲ್ಲಿ ಕೆಂಪಾಗಿದೆ ಎಂದು ಗುರುತಿಸಿದರು. ಆಕಾಶದಿಂದ ನೋಡಿ ತಿಳಿಯಬೇಕಾಯಿತು. ನಾನು ತರಿಸುವ ಎರಡು ಕನ್ನಡ ಪತ್ರಿಕೆಗಳಲ್ಲಿ ಇದು ಸಿಂಗಲ್ ಕಾಲಂ ಆಗಿ ಬಂತು.

ಈ ಊರಿನ ಹೆಸರು ನಿಮಗೆ ಹೊಸದು ಅನ್ನಿಸಬಹುದು. ಹೊಸದಲ್ಲ. 2023ರ ಏಪ್ರಿಲ್‌ನಲ್ಲಿ ನೀವೇ ಮುಖಪುಟದಲ್ಲಿ ಓದಿದ್ದೀರಿ. ಸುಡಾನ್‌ನಲ್ಲಿ ಸಿಕ್ಕಿಹಾಕಿಕೊಂಡ 31 ಹಕ್ಕಿಪಿಕ್ಕಿ ಜನ, ನೆನಪಾಯಿತಾ? ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯವರು. ಗಿಡಮೂಲಿಕೆ, ಎಣ್ಣೆ ಮಾರಲು ಹೋಗಿದ್ದರು. ಅನ್ನ ನೀರಿಲ್ಲದೆ ಬಾಡಿಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತ ಕೆಲವರು ಫೋನ್ ಮಾಡಿದ್ದು ಇದೇ ಅಲ್ ಫಾಶಿರ್‌ನಿಂದ. ಆಗ ನಮ್ಮಲ್ಲಿ ವಿಧಾನಸಭೆ ಚುನಾವಣೆ. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರಿಗೂ ವಿದೇಶಾಂಗ ಸಚಿವ ಜೈಶಂಕರ್ ಅವರಿಗೂ ಟ್ವಿಟರ್‌ನಲ್ಲಿ ಮಾತಿಗೆ ಮಾತು ಬೆಳೆಯಿತು. ‘ಆಪರೇಷನ್ ಕಾವೇರಿ’ಯಲ್ಲಿ ಸರ್ಕಾರ ಸುಡಾನ್‌ನಿಂದ 3,800ಕ್ಕೂ ಹೆಚ್ಚು ಜನರನ್ನು ಕರೆತಂದಿತು. ನಮ್ಮವರು ಬಂದರು, ಸುದ್ದಿ ಮುಗಿಯಿತು. ಊರು ಮಾತ್ರ ಅಲ್ಲೇ ಇತ್ತು.

ನನ್ನದೂ ಒಂದು ತಪ್ಪು ಇದೆ, ಇಲ್ಲಿ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷದ ಹಿಂದೆ ದಾರ್ಫುರ್‌ನಲ್ಲಿ ಇದೇ ತರಹ ಹಳ್ಳಿಗಳನ್ನು ಸುಡುತ್ತಿದ್ದರು. ಆಗ ಸುಟ್ಟ ಜಂಜಾವೀದ್ ಎಂಬ ಗುಂಪಿನಿಂದಲೇ ಇವತ್ತಿನ ಆರ್‌ಎಸ್‌ಎಫ್ ಬೆಳೆದದ್ದು. ಆ ಕಾಪಿ ನನ್ನ ಪರದೆಯ ಮೇಲೆ ವಾರಕ್ಕೆ ಎರಡು ಮೂರು ಸಲ ಬರುತ್ತಿತ್ತು. ಸಂಜೆ ಏಳರ ಮೇಲೆ ಜಾಹೀರಾತು ಬಂತು ಅಂದರೆ ಮೊದಲು ಕತ್ತರಿ ಬೀಳುವುದು ವಿದೇಶ ಪುಟಕ್ಕೆ. ಆಗ ನಾನು ಮೊದಲು ತೆಗೆಯುತ್ತಿದ್ದದ್ದು ದಾರ್ಫುರ್ ಸುದ್ದಿ. ಅಲ್ಲಿ ನಮ್ಮವರು ಯಾರಿದ್ದಾರೆ, ಯಾರು ಓದುತ್ತಾರೆ ಅಂದುಕೊಳ್ಳುತ್ತಿದ್ದೆ. ಎಷ್ಟು ಸಲ ತೆಗೆದೆನೋ ಲೆಕ್ಕ ಇಲ್ಲ.

ನಮ್ಮವರು ಅಲ್ಲಿ ಇದ್ದರು. ಇಲ್ಲಿಂದ ಬಸ್ ಹತ್ತಿದರೆ ಹುಣಸೂರು ಒಂದು ಗಂಟೆ ದಾರಿ. ಅದೇ ತಾಲ್ಲೂಕಿನಲ್ಲಿ ಪಕ್ಷಿರಾಜಪುರ ಇದೆ, ಹಕ್ಕಿಪಿಕ್ಕಿಗಳ ಊರು. ಮನೆಯಲ್ಲಿ ವಾಗ್ರಿ ಮಾತಾಡುವ, ನಮ್ಮ ಜೊತೆ ಕನ್ನಡ ಮಾತಾಡುವ, ಮಾರಲು ಹೋದ ಕಡೆಯ ಭಾಷೆಯನ್ನು ತಿಂಗಳೊಪ್ಪತ್ತಿನಲ್ಲಿ ಕಲಿಯುವ ಜನ. ಅಲ್ ಫಾಶಿರ್‌ನ ಬೀದಿಗಳಲ್ಲಿ ನಡೆದವರು, ಅಲ್ಲಿಯ ಮಾರುಕಟ್ಟೆಯಲ್ಲಿ ಎಣ್ಣೆ ಮಾರಿದವರು, ಅಲ್ಲಿಯ ಮನೆಯವರಿಗೆ ಬಾಡಿಗೆ ಕೊಟ್ಟವರು ಈ ಕರ್ನಾಟಕದಲ್ಲೇ ಇದ್ದಾರೆ. ಆ ಊರು ಬಿದ್ದ ವಾರ ಅವರ ಹತ್ತಿರ ಹೋಗಿ ‘ನಿಮಗೆ ಗೊತ್ತಿದ್ದವರು ಅಲ್ಲಿ ಹೇಗಿದ್ದಾರಂತೆ?’ ಎಂದು ಕೇಳಿದ ಒಂದು ವರದಿ ನನಗೆ ಕಾಣಲಿಲ್ಲ. ನಾನೂ ಹೋಗಲಿಲ್ಲ.

ಕಾರ್ಯದರ್ಶಿಗಳಲ್ಲಿ ನನ್ನದೊಂದು ಕೋರಿಕೆ. ಜನವರಿಯ ಕೊನೆಯ ಭಾನುವಾರ ಈ ಜಾಗದಲ್ಲಿ ನಾನು ನಿಲ್ಲುವುದು ಬೇಡ. ನಾನು ಹುಣಸೂರಿಗೆ ಹೋಗಿ ಬರುತ್ತೇನೆ, ಜೊತೆಗೆ ಬರುವವರು ಕೈ ಎತ್ತಿ. ಅಲ್ಲಿ ಆ ಊರು ನೋಡಿದವರು ಯಾರಾದರೂ ಒಪ್ಪಿದರೆ, ಅವರನ್ನು ಕರೆತಂದು ಇಲ್ಲಿ ಕೂರಿಸಿ, ಅಲ್ ಫಾಶಿರ್ ಹೇಗಿತ್ತು ಅಂತ ಅವರ ಬಾಯಿಂದಲೇ ಕೇಳೋಣ.